ಹೆಪ್ಪು

ಸಪ್ತಾಪುರದ ಬಾಡಿಗೆ ಮನೆಯಲ್ಲಿ
ನನಗಿಂತ ಪುಸ್ತಕಕ್ಕೇ ಹೆಚ್ಚು ಜಾಗ.
ಇಪ್ಪತ್ತೆರಡು ವರ್ಷ ಲೈಬ್ರರಿಯ ಮೂರನೇ ಮಹಡಿ,
ತತ್ತ್ವಶಾಸ್ತ್ರದ ಕಪಾಟುಗಳ ಧೂಳು ಹೊಡೆಯುತ್ತ
ಹೊಡೆಯುತ್ತ ಓದಿದೆ:
ಗ್ರೀಕರು, ಜರ್ಮನರು, ಬೌದ್ಧರು, ನಮ್ಮ ಮೂರೂ ಮತದವರು,
ಒಬ್ಬರನ್ನೊಬ್ಬರು ಬೈದವರು,
ಬೈಯುತ್ತಲೇ ಕಡ ತಂದವರು.

ಮೊನ್ನೆ ಪಿಎಚ್‌ಡಿಯ ಹುಡುಗಿ, ಅಣ್ಣಿಗೇರಿ ಕಡೆಯವಳು,
ಏಣಿಯ ಕೆಳಗೆ ನಿಂತು ಕೇಳಿದಳು:
ಸಾವಿಗೆ ಯಾಕ ಅಂಜತೀವಿ, ಕಾಕಾ?
ಮೇಲಿಂದಲೇ ಐದು ಉತ್ತರ ಇಳಿಸಿಕೊಟ್ಟೆ,
ಕಾಲ್ ನಂಬರ್ ಸಮೇತ.
ಐದನ್ನೂ ಎದೆಗವಚಿಕೊಂಡು, ಇವು ಅವರವು,
ನಿಮ್ದು? ಅಂದಳು.
ನಂದು ಬೈಂಡಿಂಗಿಗೆ ಹೋಗೇತವಾ, ಅಂದೆ.
ನಕ್ಕಳು. ನನಗೆ ನಗು ಬರಲಿಲ್ಲ.

ಸಂಜೆ ವಾಟಗಾ ಹಿಡಿದು ಪಕ್ಕದ ಮನೆಗೆ.
ಫಕೀರವ್ವ ಅರ್ಧ ಚಮಚ ಮೊಸರು ಹಾಕಿ ಕೈ ಹಿಂತೆಗೆದಳು:
ಹೆಪ್ಪಿಗೆ ಇಷ್ಟ ಸಾಕ್ರಿ. ಭಾಳಾದ್ರ ಹುಳ್ಳಗಾಕ್ಕೈತಿ.
ಮುಚ್ಚಿಡ್ರಿ. ಘಳಿಗಿಗೊಮ್ಮೆ ತಗದು ನೋಡಬ್ಯಾಡ್ರಿ.

ಹೆಪ್ಪೇ ಬೇಡವೆನ್ನುವವರೂ ಉಂಟು.
ನನ್ನ ಷಡ್ಡಕ ಗುರುಪಾದಪ್ಪ, ಎಲ್ಲ ಸ್ವಂತ ವಿಚಾರ ಎಂದು
ಟಿಕಾರೆ ರೋಡಿನ ಚಹಾದಂಗಡಿಯಲ್ಲಿ ಎದೆ ತಟ್ಟುವವ.
ಅವನ ಮಾತು ಕಾಯುತ್ತದೆ, ಉಕ್ಕುತ್ತದೆ,
ಮಧ್ಯಾಹ್ನದೊಳಗೆ ಒಡೆದು ನೀರು ಬಿಡುತ್ತದೆ.

ಆ ರಾತ್ರಿ ಏನೂ ಓದಲಿಲ್ಲ.
ಕೈ ತಾನಾಗಿ ಕನ್ನಡಕ ಹುಡುಕಿತು; ಕೊಡಲಿಲ್ಲ.
ಧಾರವಾಡದ ಡಿಸೆಂಬರು. ಪಾತ್ರೆಗೆ ಟಾವೆಲ್ಲು ಸುತ್ತಿ ಕೂತೆ.
ಅಣ್ಣ ನೆನಪಾದ. ಹುಬ್ಬಳ್ಳಿಯ ದವಾಖಾನೆ, ಕೊನೆಯ ರಾತ್ರಿ,
ಲೈಟ್ ಆರಿಸಬ್ಯಾಡೋ ತಮ್ಮಾ, ಅಂದವನು.
ಅವನು ಅಂಜಿದ್ದು ಕತ್ತಲಿಗಲ್ಲ,
ಸ್ವಿಚ್ಚು ತನ್ನ ಕೈಗೆ ಎಟುಕದ್ದಕ್ಕೆ.
ಹಾಲಿನ ಲೆಕ್ಕದ ವಹಿಯ ಹಿಂಬದಿ ಬರೆದಿಟ್ಟೆ.

ಮರುದಿನ ಧೂಳು ಹೊಡೆಯುವಾಗ
ಅದೇ ಮಾತು ಸಿಕ್ಕಿತು, ಇನ್ನೂರಾ ಹದಿನಾಲ್ಕನೇ ಪುಟ.
ಸ್ವಿಚ್ಚಿನ ಬದಲು ಅಲ್ಲಿ ಹಣತೆ.
ಅಡಿಗೆ ಪೆನ್ಸಿಲ್ಲಿನ ಗೆರೆ.
ಗೆರೆ ಹೊಡೆದವರಿಗೆ ದಂಡ ಹಾಕುವವ ನಾನು;
ಗೆರೆಯೂ ನನ್ನದೇ, ಯಾವ ವರ್ಷದ್ದೋ.

ಬಹಳ ಹೊತ್ತು ಏಣಿಯ ಮೇಲೇ ಕೂತಿದ್ದೆ.
ಹೆಪ್ಪು ಅವರದು, ಖರೆ.
ಅಣ್ಣ ನನ್ನವನು.

ಹುಡುಗಿ ಇನ್ನೂ ಬಂದಿಲ್ಲ.
ಮುಂಜಾನೆ ನೋಡಿದಾಗ ಮೊಸರು ಅಂಚಿಗಷ್ಟೇ ಆಗಿತ್ತು,
ನಡುವೆ ಹಾಲೇ.
ಮತ್ತೆ ಮುಚ್ಚಿಟ್ಟು ಬಂದಿದ್ದೇನೆ.