ಜೂನ್ ಒಂದು

ಕಾರವಾರದ ರಾತ್ರಿ ಬಸ್ಸು ಧಾರವಾಡ ಮುಟ್ಟೂದರಾಗ
ಥರ್ಮೋಕೋಲ್ ಡಬ್ಬಿ ಸೋರಿ
ಸೀಟಿನ ಕೆಳಗ ಕಪ್ಪು ಮಸಿ ಹರದಿತ್ತು.
"ಏನ್ ತಂದೀಯೋ ಮಾರಾಯಾ?" ಕಂಡಕ್ಟರ್ ಮೂಗು ಮುಚ್ಚಿದ.
ಮಾಣಕಿ, ಅಂದೆ.
ಸಮುದ್ರ ಇಲ್ಲದ ಊರಿಗೆ ಹನ್ನೆರಡು ಕಿಲೋ ಸಮುದ್ರ,
ಅದಕ್ಕ ಲಗೇಜ್ ಟಿಕೆಟ್ಟು ಬ್ಯಾರೆ.

ಲ್ಯಾಬಿನಾಗ ಯಮುನಾ ಹರಿಕಂತ್ರ, ಅಂಕೋಲಾದಾಕಿ,
ಅಳತಿ ಪಟ್ಟಿ ಹಿಡದು ಕುಂತಿದ್ಲು.
"ಉದ್ದ ನೋಡಿ ವಯಸ್ಸು ಹೇಳ್ಬೇಡಿ ದಾವಲಸಾಬ್ರೇ.
ಗೇಣುದ್ದದ ಇದಕ್ಕೆ ಐದು ತಿಂಗಳು,
ಗೇಣುದ್ದದ ಅದಕ್ಕೆ ಒಂಬತ್ತು.
ಮೈ ಸುಳ್ಳು ಹೇಳ್ತದೆ."

ಖರೇ ಇರೂದು ತಲಿಯೊಳಗ,
ಕಿವಿ ಇರಬೇಕಾದ ಜಾಗದಾಗ,
ಗಸಗಸಿಗಿಂತ ತುಸು ದೊಡ್ಡ ಎರಡು ಕಲ್ಲು.
ಮ್ಯಾಲ ಯಾವುದು, ಕೆಳಗ ಯಾವುದು ಅಂತ
ಕತ್ತಲ ನೀರಿನಾಗ ಅದಕ್ಕ ಹೇಳೂ ಕಲ್ಲು.
ದಿನಕ್ಕೊಂದು ಗೆರಿ. ತಪ್ಪಂಗಿಲ್ಲ.

ಉಜ್ಜೂದು ನನ್ನ ಕೆಲಸ.
ಗಾಜಿಗೆ ಅಂಟಿಸಿ, ಒದ್ದಿ ಪಾಲಿಶ್ ಪೇಪರಿನ ಮ್ಯಾಲ
ಉಸಿರು ಹಿಡದು, ಒಂದ ಬೆರಳಿನಾಗ.
ಕಡಿಮಿ ಉಜ್ಜಿದ್ರ ಮಬ್ಬು.
ಒಂದು ಸುತ್ತು ಹೆಚ್ಚಾತಂದ್ರ
ಅಂಚಿನ ದಿನಗಳು ನೀರಿನಾಗ ಹೋದವು.
ಒಂದು ಸಲ ಒಂದು ಹೆಣ್ಣಿನ ಇಡೀ ನವೆಂಬರ್ ಕಳದೀನಿ.
ಯಮುನಾ ಬೈಲಿಲ್ಲ. ನೋಟ್‌ಬುಕ್ಕಿನಾಗ ಗೀಟು ಹೊಡದ್ಲು.

ಆಕಿ ಒಮ್ಮೆ ಎಣಿಸ್ತಾಳ, ಮರುದಿನ ನಾ ಎಣಿಸ್ತೀನಿ,
ಲೆಕ್ಕ ಕೂಡಲಿಲ್ಲಂದ್ರ ಆ ಕಲ್ಲು ಕಸಕ್ಕ.
ಇದು ಇಬ್ಬರದೂ ಇನ್ನೂರಾ ಹದಿನೇಳು.
ಬಲಿಗೆ ಬಿದ್ದದ್ದು ಡಿಸೆಂಬರ್ ಹದಿನಾಲ್ಕು,
ಹಿಂದಹಿಂದಕ್ಕ ಸರದ್ರ
ಮೇ ಹನ್ನೊಂದಕ್ಕ ತತ್ತಿ ಒಡದು ಬಂದೈತಿ.
ಎಲ್ಲಿ ಬಂತು, ಎಲ್ಲೆಲ್ಲಿ ತಿರಗಿತು?
ದಿನ ಅಷ್ಟ ಬರಕೊಂಡೈತಿ, ಊರು ಬರಕೊಂಡಿಲ್ಲ.
ಹೊಟ್ಟಿ ತುಂಬ ತತ್ತಿ ಇತ್ತು.
ಇಟ್ಟಿದ್ರ, ಅದರ ಬೆನ್ನಿಗೇ ತಾನೂ ಹೋಗತಿತ್ತು;
ತನ್ನ ತತ್ತಿ ಒಡಿಯೂದನ್ನ
ಯಾವ ತಾಯಿನೂ ನೋಡಂಗಿಲ್ಲಂತ.

ನನ್ನ ಸೇವಾ ಪುಸ್ತಕದಾಗ ಜೂನ್ ಒಂದು.
ಜವಾನ ಗದಿಗೆಪ್ಪಂದೂ ಜೂನ್ ಒಂದು,
ಗುಮಾಸ್ತ ಕರಡಿಗುಡ್ಡ ಅವರದೂ.
ಹೆಬ್ಬಳ್ಳಿ ಶಾಲಿಗೆ ಅವ್ವ ಕರಕೊಂಡು ಹೋದ ದಿನ
ಮಾಸ್ತರು ಕೇಳಿದ್ದು ಇಷ್ಟ:
"ಬಲಗೈ ತಲಿ ಮ್ಯಾಲಿಂದ ತಂದು ಎಡಗಿವಿ ಮುಟ್ಟು."
ಮುಟ್ಟಿತು. ಆರು ತುಂಬ್ಯಾವು ಅಂತ ಬರದ್ರು.
ಬಾಗಲದಾಗ ನಿಂತು ಅವ್ವ
"ಹತ್ತಿ ಬಿಡಸೂ ಹೊತ್ತಿನಾಗ ಹುಟ್ಟ್ಯಾನ್ರಿ" ಅಂದದ್ದು
ಯಾವ ಕಾಲಮ್ಮಿನಾಗೂ ಹಿಡೀಲಿಲ್ಲ.

ಬರೂ ಮೇ ಮೂವತ್ತೊಂದಕ್ಕ ನಾ ರಿಟೈರು.
"ನಿಮ್ಮ ಉದ್ದ ಅಳೆದಿದ್ದಾರೆ, ಕಲ್ಲು ನೋಡಿಲ್ಲ"
ಅಂತ ಯಮುನಾ ನಕ್ಕಳು. ನಾನೂ ನಕ್ಕೆ.
ಆಕಿ ಚಹಾಕ್ಕ ಹೋದಮ್ಯಾಲ
ಸುಮ್ಮನ ಬಲಗೈ ಎತ್ತಿ, ಬೋಳು ತಲಿ ದಾಟಿಸಿ
ಎಡಗಿವಿ ಹಿಡದು ನೋಡಿದೆ.
ಬೆರಳಿಗೆ ಮಾಣಕಿ ವಾಸನಿ.
ಟ್ರೇದಾಗ ಇನ್ನೂ ನಲವತ್ತೊಂದು ಕಲ್ಲು ಉಳದಿದ್ದವು.