ಕೆಂಪು ಚೀಟಿಗಳಿಲ್ಲದ ಗುರುವಾರ

ಗ್ರಿಮ್ಸ್‌ಬಿಯ ಮೀನುಕಟ್ಟೆಯ ಹಿಂದೆ ಚರ್ಚಿನ ಹಾಲು,
ಗುರುವಾರ ಸಂಜೆ ಆರೂವರೆಗೆ ಇಂಗ್ಲಿಷ್ ಪಾಠ.
ಮಿಸೆಸ್ ಗಾರ್ಬಟ್ ತಡವಾಗಿ ಬಂದರು,
ಕೊಡೆ ಮುರಿದಿತ್ತು, ಕನ್ನಡಕದ ತುಂಬ ಹನಿ.
"ಕೆಂಪು ಡಬ್ಬ ಬಸ್ಸಿನಲ್ಲೇ ಹೋಯಿತು" ಅಂದರು.

ಕೆಂಪು ಅಂದರೆ ಕ್ರಿಯಾಪದ.
ಹೋಗು, ಕೊಳ್ಳು, ತಿನ್ನು, ಹುಡುಕು ಎಲ್ಲವೂ
ಒಂಬತ್ತನೇ ನಂಬರಿನ ಮೇಲಂತಸ್ತಿನಲ್ಲಿ ಕೂತು
ಸಮುದ್ರ ನೋಡಲು ಹೊರಟುಬಿಟ್ಟಿದ್ದವು,
ನಮ್ಮನ್ನು ಬಿಟ್ಟು.

ಮೇಜಿನ ಮೇಲೆ ಉಳಿದದ್ದು ನೀಲಿ, ಹಳದಿ.
ನೀಲಿಯಲ್ಲಿ ಕ್ಯಾನ್, ಮೇ, ಮಸ್ಟ್, ಶುಡ್, ಮೈಟ್, ವಿಲ್:
ಆಗಬಹುದು, ಆಗಲೇಬೇಕು, ಆದರೂ ಆದೀತು ಅನ್ನುವ ಜನ.
ಸ್ವಂತ ಕಸುಬಿಲ್ಲ ಇವರಿಗೆ;
ಪರರ ಕೆಲಸಕ್ಕೆ ಹೂಂ ಅನ್ನುವುದು,
ಉಹೂಂ ಅನ್ನುವುದು,
ಸುಂಕದ ಕಟ್ಟೆಯವರ ಹಾಗೆ.
ಹಳದಿಯಲ್ಲಿ ನಾಮಪದ. ಬೀಗದ ಕೈ, ಬ್ರೆಡ್ಡು, ಪಾಸ್‌ಪೋರ್ಟು,
ಕಳೆದ ವರ್ಷ ಯಾರದೋ ಮಗು ಜಗಿದ ಡಾಕ್ಟರು.

"ನೀಲಿಯ ಪಕ್ಕ ಹಳದಿ ಕೂರುವುದಿಲ್ಲ, ನಡುವೆ ಕೆಂಪು ಬೇಕು.
ಆದರೂ ಜೋಡಿಸಿ ನೋಡಿ,
ಒಂದಷ್ಟು ಅಂಟುತ್ತವೆ."

ಬ್ರೋನಿಯಸ್, ಮೀನು ಕಾರ್ಖಾನೆಯ ರಾತ್ರಿಪಾಳಿಯವನು,
ಮಸ್ಟ್ ಪಕ್ಕ ಬ್ರೆಡ್ ಇಟ್ಟ.
ಟೀಚರು ತಲೆ ಆಡಿಸಿದರು.
ಶುಡ್ ಪಕ್ಕ ಡಾಕ್ಟರ್. ಅದೂ ಅಲ್ಲ.
ಮೈಟ್ ಪಕ್ಕ ರೈನ್ ಇಟ್ಟಾಗ
"ಅದು! ಅದು ಸರಿ!" ಅಂತ ಮೇಜು ಕುಟ್ಟಿದರು.
ಅವನು ಕಿಟಕಿ ನೋಡಿದ. ಹೊರಗೆ ಧೋ ಎಂದು ಸುರಿಯುತ್ತಿತ್ತು.
"ಮೈಟ್ ಅಲ್ಲ" ಅಂದ.

ಆಮೇಲೆ ಗುಟ್ಟು ಗೊತ್ತಾಗಿ ಎಲ್ಲರೂ ಹುಡುಕಿದೆವು
ಎರಡು ದೋಣಿಯಲ್ಲಿ ಕಾಲಿಟ್ಟ ಪದಗಳನ್ನು,
ಹೆಸರಾಗಿ ಮಲಗಿದ್ದು ಕ್ರಿಯೆಯಾಗಿ ಏಳುವವನ್ನು:
ಕ್ಯಾನ್ ಹೆಲ್ಪ್. ಶುಡ್ ಸ್ಲೀಪ್. ವಿಲ್ ಆನ್ಸರ್.
ಆಹಾ, ಎಂಥ ನಗು, ಟೀ ಚೆಲ್ಲುವಷ್ಟು.

ರೆಬ್ವಾರ್ ನಗಲಿಲ್ಲ.
ಊರಲ್ಲಿ ಬಡಗಿಯಾಗಿದ್ದವನು,
ಚೀಟಿಗಳನ್ನು ಅಂಚಿಗೆ ಅಂಚು ಕೂಡಿಸಿ
ಸಂದು ಕಾಣದಂತೆ ಇಟ್ಟ:
ಮೇ, ನಾಟ್, ವರ್ಕ್.
"ಪರ್ಫೆಕ್ಟ್" ಅಂದರು ಟೀಚರು.
ಅಂದ ಮೇಲೆ ಆ ಮಾತನ್ನು ನುಂಗಲು ನೋಡಿದರು.
ಅವನ ಪ್ಲಾಸ್ಟಿಕ್ ಕವರಿನ ಕಾಗದದಲ್ಲೂ
ಹೀಗೇ ಇದೆಯಂತೆ, ಒಂದಕ್ಷರ ತಪ್ಪಿಲ್ಲದೆ.
ವ್ಯಾಕರಣಕ್ಕೆ ಕರುಳಿಲ್ಲ;
ಅಂಟಬಾರದ್ದನ್ನೂ ಅಂಟಿಸುತ್ತದೆ.

ಮೂಲೆಯಲ್ಲಿ ಹೇವಾನ್.
ಮೂರು ತಿಂಗಳಾಯಿತು, ಅಸ್ಮಾರದವಳು ಅಂತಷ್ಟೇ ನಮಗೆ ಗೊತ್ತು.
ಅವಳು ಇಟ್ಟದ್ದು: ಐ, ಮಸ್ಟ್,
ಒಂದು ಅಂಗೈ ಅಗಲ ಖಾಲಿ,
ಆಮೇಲೆ ಹೋಮ್.

(ಇದನ್ನು ಕನ್ನಡದಲ್ಲಿ ಬರೆಯುವವಳಿಗೆ ಏನು ಕಷ್ಟ?
ಮನೆ ಬೇಕು. ಮುಗಿಯಿತು.
ನಡುವೆ ಯಾರೂ ಬರಬೇಕಿಲ್ಲ.)

"ಜಾಗ ಬಿಟ್ಟದ್ದು ಜಾಣತನ" ಅಂದರು ಟೀಚರು,
"ಅಲ್ಲಿ ಯಾವ ಕೆಂಪು?
ಗೋ?"
ಅವಳು ಅಲ್ಲ ಅಂದಳು.
"ಫೈಂಡ್?"
ಭುಜ ತುಸು ಮೇಲೇರಿ ಇಳಿಯಿತು.
"ಫರ್ಗೆಟ್" ಅಂದ ಬ್ರೋನಿಯಸ್, ಮೆಲ್ಲಗೆ,
ತನಗೇ ಹೇಳಿಕೊಂಡ ಹಾಗೆ.
ರೇಡಿಯೇಟರು ಒಂದೆರಡು ಸಲ ಟಕ್ಕೆಂದಿತು.
ಹೇವಾನ್ ಖಾಲಿ ಜಾಗದ ಮೇಲೆ ಕೈ ಇಟ್ಟಳು.
ಸರಿಯಾಗಿ ಹಿಡಿಸಿತು.

"ಮುಂದಿನ ವಾರ ಡಬ್ಬ ಬರುತ್ತದೆ,
ಡಿಪೋಗೆ ಫೋನ್ ಮಾಡಿದ್ದೇನೆ, ಇಟ್ ವಿಲ್ ಕಮ್."
"ಮೈಟ್" ಎಂದು ತಿದ್ದಿದ ರೆಬ್ವಾರ್.
"ಹೌದಪ್ಪ, ಮೈಟ್."

ಎಂಟು ಗಂಟೆಗೆ ಕಾವಲಿನ ಮುದುಕ
ಒದ್ದೆ ಬಟ್ಟೆ ತಂದು ಮೇಜು ಒರೆಸಿದ.
ಟೀ ಕಲೆ ಒರೆಸಿದ, ಬಿಸ್ಕತ್ತಿನ ಪುಡಿ ಒರೆಸಿದ,
ಯಾರೂ ಎತ್ತಿಡದ ಆ ಮೂರು ಚೀಟಿಯ ಹತ್ತಿರ ಬಂದು
ಕೊಂಚ ನಿಂತ, ಓದಿದನೋ ಏನೋ,
ಸುತ್ತ ಒರೆಸಿದ.
ನಡುವಿನ ಖಾಲಿಯನ್ನು ಮುಟ್ಟಲಿಲ್ಲ.