ಕಿವಿಯ ಹಾಲೆಯಷ್ಟು

ಎಮಿಲ್ಡಾಳ ಬಲಗೈ ಪ್ಲಾಸ್ಟರಿನಲ್ಲಿದೆ.
ಬಚ್ಚಲಿನಲ್ಲಿ ಜಾರಿದ್ದು, ಹೋದ ಶನಿವಾರ.
ಹಾಗಾಗಿ ಈ ಸಲ ನೆವ್ರಿಯ ಹಿಟ್ಟಿಗೆ
ನಾನು, ಜೆಪ್ಪುವಿನ ದರ್ಜಿ,
ಕೊರಳಿನ ಅಳತೆಪಟ್ಟಿ ತೆಗೆದಿಡುವುದನ್ನೂ ಮರೆತು
ನಿಂತಿದ್ದೇನೆ.

ಅವಳ ಅಜ್ಜಿ ಮೊಂತಿಬಾಯಿಯ ಲೆಕ್ಕ
ಹಳೆಯ ಕ್ಯಾಲೆಂಡರಿನ ಬೆನ್ನಲ್ಲಿ,
ಅಕ್ಷರ ಕನ್ನಡದ್ದು, ಮಾತು ಕೊಂಕಣಿಯದು,
ಜುಲೈ ತಿಂಗಳ ಹಿಂದೆ ಡಿಸೆಂಬರಿನ ತಿಂಡಿ:
ಮೈದಾ ಒಂದು ಸೇರು.
ತುಪ್ಪ, ಕೈ ನೋಡಿಕೊಂಡು.
ಉಪ್ಪು, ಇದೆಯೋ ಇಲ್ಲವೋ ಎಂಬಷ್ಟು.
ನೀರು, ಹಿಟ್ಟು ಕೇಳಿದಷ್ಟು.
ಕೊನೆಗೆ ಒಂದು ಸಾಲು, ಅಡಿಗೆರೆ ಎಳೆದು:
ಕಿವಿಯ ಹಾಲೆಯಷ್ಟು ಮೆತ್ತಗೆ.

ನಲವತ್ತೆರಡು ವರ್ಷ ಹೊಲಿದಿದ್ದೇನೆ,
ಮದುವೆಯ ಕೋಟು, ಪಾದ್ರಿಗಳ ನಿಲುವಂಗಿ,
ಬಂದರಿನ ಪೊಲೀಸರ ಪ್ಯಾಂಟು.
ಕೈ ನೋಡಿಕೊಂಡು ಅಂತ ಯಾವ ಗಿರಾಕಿಯೂ
ಸೊಂಟದ ಅಳತೆ ಕೊಟ್ಟದ್ದಿಲ್ಲ.

“ತುಪ್ಪ ಬಿಸಿ ಮಾಡಿ ಹುಯ್ಯಿರಿ. ಈಗ ಉಜ್ಜಿ.
ಅದುಮುವುದಲ್ಲ, ಉಜ್ಜುವುದು.
ಹಿಡಿದರೆ ಮುಷ್ಟಿ ನಿಲ್ಲಬೇಕು, ಮುಟ್ಟಿದರೆ ಉದುರಬೇಕು.”
ಸ್ಟೂಲಿನ ಮೇಲೆ ಕೂತು ಹೇಳುತ್ತಾಳೆ.
ಪ್ಲಾಸ್ಟರಿನ ಮೇಲೆ ಪಕ್ಕದ ಮನೆಯ ಹುಡುಗಿ ಬರೆದ ಹಸಿರು ಮೀನು
ಅವಳ ಮಾತಿನ ಜೊತೆ ಏಳುತ್ತದೆ, ಇಳಿಯುತ್ತದೆ.

ಮೊದಲ ಹಿಟ್ಟು ಗಟ್ಟಿ.
“ಹೆಂಚಿನ ಕಾರ್ಖಾನೆಗೆ ಕೊಡಿ” ಅಂದಳು.
ಎರಡನೆಯದಕ್ಕೆ ನೀರು ಹೆಚ್ಚಾಗಿ
ಬೆರಳಿಗೆ ಬೆರಳು ಅಂಟಿ ಬಾತುಕೋಳಿಯ ಕಾಲು.
ಅಷ್ಟರಲ್ಲಿ ಮೀನಿನವಳು ಬಂಗುಡೆ, ಬಂಗುಡೆ ಎನ್ನುತ್ತ
ಗೇಟು ಬಡಿದಳು. ಚಿಲಕ ತೆಗೆಯಲು
ನನಗೆ ಕೈಯಿಲ್ಲ, ಇವಳಿಗೂ ಇಲ್ಲ.

ಮೂರನೆಯದು ಲಟ್ಟಣಿಗೆಗೆ ಒಗ್ಗಿತು.
ಒಗ್ಗಿದ್ದೇ ನನಗೆ ಧೈರ್ಯ ಬಂತು, ಅದೇ ತಪ್ಪು.
ನಡುವೆ ಎಳ್ಳು, ಕೊಬ್ಬರಿ, ಸಕ್ಕರೆ, ಏಲಕ್ಕಿ,
ಅರ್ಧಕ್ಕೆ ಮಡಚಿ, ಅಂಚಿಗೆ
ನಕ್ಷೆಯ ಮೇಲೆ ಚುಕ್ಕಿ ಹಾಕುವ ಅಂಗಡಿಯ ಹಲ್ಲುಚಕ್ರ
(ತೊಳೆದು, ಕುದಿಸಿ ತಂದದ್ದು)
ಓಡಿಸಿದೆ. ಎಂಥ ಹೊಲಿಗೆ! ಇಂಚಿಗೆ ಹನ್ನೆರಡು.
“ಚಂದ ಉಂಟು” ಅಂದಳು. ಅಷ್ಟೇ ಅಂದಳು.

ಎಣ್ಣೆಯಲ್ಲಿ ಐದೂ ಒಡೆದವು.
“ತೂತು ಮಾಡಿ ಸೇರಿಸುವುದು ಬಟ್ಟೆಯನ್ನು.
ಇದನ್ನು ಲಕೋಟೆಯ ಹಾಗೆ ಮುಚ್ಚಬೇಕು ಮಾರಾಯ್ರೆ,
ನಾಲಿಗೆಯ ಬದಲು ಒದ್ದೆ ಬೆರಳು.”

ಉಳಿದ ಮೈದಾ ಎಲ್ಲ ಸುರಿದು, ನಾದಿ, ಕೇಳಿದೆ:
ಇಷ್ಟು ಸಾಕೆ?
“ಕಿವಿ ಮುಟ್ಟಿ ನೋಡಿ.”
ನನ್ನದು ಮುಟ್ಟಿದೆ. ಎಪ್ಪತ್ತರ ಒಣ ಚರ್ಮ,
ಏನೂ ತಿಳಿಯಲಿಲ್ಲ.
“ನಿಮ್ಮದಲ್ಲ” ಅಂದು ತಲೆ ಓರೆ ಮಾಡಿದಳು.

ಹಿಟ್ಟಿನ ಕೈಯಲ್ಲೇ ಹಿಡಿದೆ.
ಮೆತ್ತಗೆ, ಒಳಗೆ ಚೂರು ಬಿಗಿ,
ನಡುವೆ ಉದ್ದಕ್ಕೆ ಇಳಿದ ತೂತು,
ಗುಂಡಿ ಬಿದ್ದುಹೋದ ಕಾಜಾದ ಹಾಗೆ.

ಆ ಓಲೆ ಎಲ್ಲಿಗೆ ಹೋಯಿತು ನನಗೆ ಗೊತ್ತು.
ಎಂಬತ್ತೊಂದರಲ್ಲಿ ಅಡವಿಟ್ಟು
ಕಾಲಿನಲ್ಲಿ ತುಳಿಯುವ ಮಿಷನ್ ತಂದೆ.
ಕ್ರಿಸ್ಮಸಿಗೆ ಬಿಡಿಸುತ್ತೇನೆ ಅಂದಿದ್ದೆ.
ಯಾವ ಕ್ರಿಸ್ಮಸ್ ಅಂತ ಅವಳು ಕೇಳಲಿಲ್ಲ.
ಆಮೇಲೆ ಬೇರೆ ಕೊಡಿಸಿದೆ, ಚಿಕ್ಕವು.
ತೂತು ದೊಡ್ಡದು, ಜಾರುತ್ತದೆ ಅನ್ನುತ್ತಾಳೆ.
ಡಬ್ಬಿಯಲ್ಲಿವೆ.

“ಸಿಕ್ಕಿತಾ?”
ಸಿಕ್ಕಿತು.
“ಮತ್ತೆ ಬಿಡಿ. ಅಲ್ಲಿ ಹಿಟ್ಟು ಒಣಗುತ್ತದೆ.”

ಮೂವತ್ತೊಂದು ಒಡೆಯದೆ ಬಂದವು, ಒಂದಿಷ್ಟು ಸೊಟ್ಟ.
ಕ್ಯಾಲೆಂಡರಿನ ಬೆನ್ನಿಗೆ ಏನಾದರೂ ಸೇರಿಸೋಣವೆಂದು
ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದೆ, ಅಂಗಡಿಯ ಚಾಳಿ.
ಏನು ಬರೆಯುವುದು? ಅಲ್ಲೇ ಇಟ್ಟೆ.

ಸಂಜೆ ಎಡಗೈಯಲ್ಲಿ ತಟ್ಟೆ ಹಿಡಿದು
ನೆರೆಮನೆಗೆ ಹೊರಟಳು.
ಹಾಲೆಯ ಮೇಲೆ ಒಣಗಿದ ಹಿಟ್ಟು,
ಒಂದು ಬಿಳಿಯ ಚುಕ್ಕೆ.
ನಾನು ಹೇಳಲಿಲ್ಲ.